ರಕ್ತದ ಪ್ರೋಟೀನ್ ನೋಡಿ ಸ್ತನ ಕ್ಯಾನ್ಸರ್ ಹೇಳುವ ಮಷಿನ್: ಮ್ಯಾಮೊಗ್ರಾಂ ಬದಲು ಇದು ಸಾಕಾ?

ಪ್ರಶ್ನೆ: ನನಗೆ 44 ವರ್ಷ. ಹಾಸನದ ಹತ್ತಿರ ಇದ್ದೇವೆ. ಅಮ್ಮನಿಗೆ 46ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಗಿ ಈಗ ಚೆನ್ನಾಗಿದ್ದಾರೆ. ಹೋದ ವರ್ಷ ನಾನು ಮ್ಯಾಮೊಗ್ರಾಂ ಮಾಡಿಸಿದಾಗ ತುಂಬಾ ನೋವಾಯಿತು, ಮತ್ತೆ ಹೋಗಲು ಮನಸ್ಸಿಲ್ಲ. ನಮ್ಮ ಭಾವ ಒಂದು ಮೆಸೇಜ್ ಕಳಿಸಿದ್ದಾರೆ. ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ ಮಷಿನ್‌ನಲ್ಲಿ ರಕ್ತದ ಅಥವಾ ಬೆರಳ ಬೆವರಿನ ಪ್ರೋಟೀನ್ ನೋಡಿ ನೂರಕ್ಕೆ 98ರಷ್ಟು ಸರಿಯಾಗಿ ಸ್ತನ ಕ್ಯಾನ್ಸರ್ ಹೇಳುತ್ತಾರಂತೆ. ಇದನ್ನು ಎಲ್ಲಿ ಮಾಡಿಸಬಹುದು? ಇದೊಂದನ್ನೇ ಮಾಡಿಸಿದರೆ ಸಾಕಾ? ಅಂದ ಹಾಗೆ, ಬಲಗಡೆ ಕಂಕುಳ ಹತ್ತಿರ ಎರಡು ತಿಂಗಳಿಂದ ಸಣ್ಣ ಗಂಟಿನ ಹಾಗೆ ಕೈಗೆ ಸಿಗುತ್ತಿದೆ. ನೋವೇನೂ ಇಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲು ತೆಗೆದುಕೊಳ್ಳುತ್ತೇನೆ. ಉಳಿದದ್ದೆಲ್ಲ ಆಮೇಲೆ. ಎರಡು ತಿಂಗಳಿಂದ ಹೋಗದ ಗಂಟು ಇದ್ದರೆ ಈ ವಾರವೇ ಡಾಕ್ಟರಿಗೆ ತೋರಿಸಿ. "ನೋವಿಲ್ಲ" ಅನ್ನುವುದು ಸಮಾಧಾನದ ಮಾತಲ್ಲ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ, ಅದಕ್ಕೇ ಎಷ್ಟೋ ಜನ ಸುಮ್ನೆ ಇದ್ದುಬಿಡುತ್ತಾರೆ. ಹಾಗಂತ ಗಾಬರಿ ಬೇಡ. ಕೈಗೆ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಯಾವುದು ಹೌದು, ಯಾವುದು ಅಲ್ಲ ಅಂತ ಹೇಳಲು ಡಾಕ್ಟರ ಕೈ, ಮ್ಯಾಮೊಗ್ರಾಂ ಜೊತೆ ಅಲ್ಟ್ರಾಸೌಂಡ್, ಬೇಕಾದರೆ ಸೂಜಿಯ ಬಯಾಪ್ಸಿ, ಈ ಮೂರು ಬೇಕು. ನಿಮ್ಮ ಭಾವ ಕಳಿಸಿದ ಮಷಿನ್ ಈ ಮೂರರಲ್ಲಿ ಒಂದರ ಜಾಗಕ್ಕೂ ಬರುವುದಿಲ್ಲ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ನಾನು ಸರ್ಜನ್ ಅಲ್ಲ, ಪ್ರೋಟೀನ್ ಲ್ಯಾಬಿನವನು. ಆ ಮಷಿನ್ ಜೊತೆ ಬಹಳ ವರ್ಷ ಏಗಿದ್ದೇನೆ.

ಮೊದಲು ಅದು ಏನು ಮಾಡುತ್ತದೆ ನೋಡಿ. ಹೆಸರು ದೊಡ್ಡದು, ಮೂಲದಲ್ಲಿ ಅದೊಂದು ತಕ್ಕಡಿ. ಒಂದು ಸ್ಟೀಲ್ ತಟ್ಟೆ ಇರುತ್ತದೆ, ಅದರ ಮೇಲೆ ಪಡ್ಡಿನ ಹಂಚಿನ ಹಾಗೆ ಸಾಲುಸಾಲಾಗಿ ಗುಂಡನೆ ಗುರುತುಗಳು, ಗುಳಿ ಮಾತ್ರ ಇಲ್ಲ. ಒಂದೊಂದು ಗುರುತಿನ ಮೇಲೆ ಒಬ್ಬೊಬ್ಬರ ರಕ್ತದ ಸೀರಂ ಹನಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಹಳದಿ ನೀರು. ಅದಕ್ಕೆ ಬೆಳಕು ಹೀರುವ ಒಂದು ಆಮ್ಲ ಬೆರೆಸಿ ಒಣಗಿಸಿದರೆ ಉಪ್ಪುನೀರು ಆರಿದ ಹಾಗೆ ಸಣ್ಣ ಹರಳು ಕಟ್ಟುತ್ತದೆ. ತಟ್ಟೆಯನ್ನು ಮಷಿನ್ ಒಳಗೆ ತಳ್ಳಿ, ಗಾಳಿಯನ್ನೆಲ್ಲ ಎಳೆದು, ಹರಳಿಗೆ ಲೇಸರ್ ಹೊಡೆಯುತ್ತಾರೆ. ಆಮ್ಲ ಆ ಬಿಸಿ ನುಂಗಿ ಸಿಡಿಯುತ್ತದೆ, ಪ್ರೋಟೀನ್‌ಗಳು ಒಡೆಯದೆ ಅದರ ಜೊತೆ ಮೇಲೇಳುತ್ತವೆ. ಆಮೇಲೆ ವಿದ್ಯುತ್ ಎಳೆತಕ್ಕೆ ಸಿಕ್ಕಿ ಒಂದು ಕೊಳವೆಯ ಉದ್ದಕ್ಕೂ ಓಟ. ಹಗುರವಾದದ್ದು ಬೇಗ ಮುಟ್ಟುತ್ತದೆ, ಭಾರವಾದದ್ದು ತಡವಾಗಿ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ಆ ಸಮಯ ಅಳೆದರೆ ತೂಕ ಗೊತ್ತಾಗುತ್ತದೆ. ಸ್ಕ್ರೀನ್ ಮೇಲೆ ಬರುವುದು ಬೆಟ್ಟದ ಸಾಲಿನ ಹಾಗೆ ಏರಿಳಿಯುವ ಒಂದು ಗೆರೆ. ಒಂದೊಂದು ಶಿಖರ ಒಂದೊಂದು ತೂಕ. ಇಡೀ ಗೆರೆಗೆ ಪ್ರೋಟೀನ್ ಪ್ರೊಫೈಲ್ ಅನ್ನುತ್ತಾರೆ.

ಪ್ರೋಟೀನ್ ಒಡೆಯದ ಹಾಗೆ ಅದನ್ನು ಹಾರಿಸುವುದೇ ಮೊದಲು ದೊಡ್ಡ ತಲೆನೋವಾಗಿತ್ತು. ಜಪಾನಿನ ಶಿಮಾಡ್ಜು ಕಂಪನಿಯ ಎಂಜಿನಿಯರ್ ಕೋಯಿಚಿ ತನಾಕ 1980ರ ದಶಕದಲ್ಲಿ ಇದಕ್ಕೆ ದಾರಿ ತೋರಿಸಿದರು. ತಪ್ಪಿ ಕೋಬಾಲ್ಟ್ ಪುಡಿಗೆ ಗ್ಲಿಸರಿನ್ ಬೆರೆಸಿಬಿಟ್ಟಿದ್ದರಂತೆ, ಎಸೆಯಲು ಮನಸ್ಸು ಬಾರದೆ ಅದನ್ನೇ ಪರೀಕ್ಷೆಗೆ ಹಾಕಿದರು. 2002ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಡಾಕ್ಟರೇಟ್ ಇಲ್ಲದ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ ಮನುಷ್ಯ. ಈ ಕತೆ ನನಗೆ ತುಂಬಾ ಇಷ್ಟ, ಅದಕ್ಕೆ ಸುಮ್ನೆ ಹೇಳಿದೆ. ಇವತ್ತು ಲ್ಯಾಬ್‌ಗಳಲ್ಲಿ ಜಾಸ್ತಿ ಬಳಸುವ ಆಮ್ಲದ ವಿಧಾನ ಜರ್ಮನಿಯ ಕರಾಸ್ ಮತ್ತು ಹಿಲೆನ್‌ಕಾಂಪ್ ಅವರದ್ದು.

ಅದೇ 2002ರಲ್ಲಿ ಎರಡು ವರದಿ ಬಂದವು. ನಿಮ್ಮ ಭಾವನ ಮೆಸೇಜಿನ ಮುತ್ತಜ್ಜ ಅಲ್ಲೇ ಇದ್ದಾನೆ. ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಮೆರಿಕದ ಒಂದು ತಂಡ ಅಂಡಾಶಯದ ಕ್ಯಾನ್ಸರ್ ಬಗ್ಗೆ ಬರೆಯಿತು. ಸೀರಂ ಪ್ರೊಫೈಲನ್ನು ಕಂಪ್ಯೂಟರಿಗೆ ಕೊಟ್ಟರೆ 50 ಕ್ಯಾನ್ಸರ್ ರೋಗಿಗಳಲ್ಲಿ 50ನ್ನೂ ಹಿಡಿಯಿತು, ಕ್ಯಾನ್ಸರ್ ಇಲ್ಲದ 66ರಲ್ಲಿ 63ನ್ನು ಸರಿಯಾಗಿ ಹೇಳಿತು. ಲ್ಯಾಬ್‌ಗಳಲ್ಲಿ ಹಬ್ಬದ ವಾತಾವರಣ. ಅದೇ ವರ್ಷ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ತಂಡ ಸ್ತನ ಕ್ಯಾನ್ಸರಿಗೂ ಇಂಥದ್ದೇ ಫಲಿತಾಂಶ ಕೊಟ್ಟಿತು. ಒಟ್ಟು 169 ಹೆಂಗಸರ ಸೀರಂ. 103 ಜನಕ್ಕೆ ಸ್ತನ ಕ್ಯಾನ್ಸರ್, 25 ಜನಕ್ಕೆ ಕ್ಯಾನ್ಸರ್ ಅಲ್ಲದ ಗಂಟು, 41 ಜನ ಆರೋಗ್ಯವಂತರು. ಮೂರೇ ಮೂರು ಶಿಖರ ನೋಡಿ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 93 ಜನರನ್ನು ಹಿಡಿದರು, ಇಲ್ಲದವರಲ್ಲಿ ನೂರಕ್ಕೆ 91 ಜನರಿಗೆ ಇಲ್ಲ ಅಂತ ಹೇಳಿದರು.

ಚೆನ್ನಾಗಿದೆ ಅಲ್ವಾ? ನಮಗೂ ಹಾಗೇ ಅನ್ನಿಸಿತ್ತು.

ಗೆರೆಯ ಮೇಲಿನ ಶಿಖರ ತೂಕ ಹೇಳುತ್ತದೆ, ಹೆಸರು ಹೇಳುವುದಿಲ್ಲ. 8,900 ಡಾಲ್ಟನ್ (ಅಣುಗಳ ತೂಕದ ಅಳತೆ) ಹತ್ತಿರ ಒಂದು ಶಿಖರ ಎದ್ದಿದೆ ಅಂದರೆ ಆ ತೂಕದ ಏನೋ ಒಂದು ಇದೆ ಅಂತ ಮಾತ್ರ ಅರ್ಥ. ಆಮೇಲೆ ಬೆನ್ನುಹತ್ತಿ ಗುರುತಿಸಿದಾಗ, ಹಾಪ್ಕಿನ್ಸಿನವರು ಹೇಳಿದ್ದ ಆ ಶಿಖರ ಕಾಂಪ್ಲಿಮೆಂಟ್ ಸಿ3 ಅನ್ನುವ ಪ್ರೋಟೀನಿನ ತುಣುಕು ಅಂತ ಗೊತ್ತಾಯಿತು. ಇದು ಗಡ್ಡೆಯಿಂದ ಬಂದದ್ದಲ್ಲ. ಸೋಂಕು, ಊತ, ಗಾಯ, ಏನೇ ಆದರೂ ದೇಹದ ಕಾವಲು ಪಡೆ ಎಚ್ಚೆತ್ತಾಗ ಈ ತುಣುಕು ಹುಟ್ಟುತ್ತದೆ. ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವಾಗಲೂ ಹುಟ್ಟುತ್ತದೆ. 2005ರಲ್ಲಿ ಅದೇ ತಂಡ ಬೇರೆ ಹೆಂಗಸರ ಸೀರಂ ತೆಗೆದು ಮತ್ತೆ ಪರೀಕ್ಷೆ ಮಾಡಿದಾಗ ಮೂರರಲ್ಲಿ ಒಂದು ಶಿಖರ ಕೈಕೊಟ್ಟಿತು. ಅದನ್ನು ಅವರೇ ಪ್ರಕಟಿಸಿದರು. ವಿಜ್ಞಾನ ಹಾಗೇ ನಡೆಯಬೇಕು, ಅದರ ಬಗ್ಗೆ ನನಗೆ ಗೌರವ ಇದೆ.

ಅಂಡಾಶಯದ ವರದಿಗೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ಹ್ಯೂಸ್ಟನ್ನಿನ ಎಂ.ಡಿ. ಆಂಡರ್‌ಸನ್ ಕ್ಯಾನ್ಸರ್ ಸೆಂಟರಿನ ಕೀತ್ ಬ್ಯಾಗರ್ಲಿ ಮತ್ತು ಜೊತೆಯವರು ಸಂಖ್ಯಾಶಾಸ್ತ್ರದವರು. ಅಂಡಾಶಯದ ವರದಿ ಬರೆದ ತಂಡ ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಅಂಕಿ ಅಂಶಗಳನ್ನು ಇಳಿಸಿಕೊಂಡು ಕೂತರು. ಗೆರೆಯ ಎಡತುದಿಯಲ್ಲಿ ಮಷಿನ್‌ನ ಸದ್ದು, ಅಂದರೆ ಅರ್ಥವಿಲ್ಲದ ಏರಿಳಿತ, ಬಿಟ್ಟರೆ ಬೇರೇನೂ ಇರದ ಒಂದು ಜಾಗ ಇದೆ, ಪ್ರೋಟೀನ್ ತೂಕ ಹೇಳಲು ಅದನ್ನು ಯಾರೂ ನಂಬುವುದಿಲ್ಲ. ಆ ಸದ್ದಿನಿಂದಲೇ ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಬೇರೆ ಮಾಡಬಹುದು ಅಂತ 2004ರಲ್ಲಿ ತೋರಿಸಿದರು. ಅಂದರೆ ಎರಡು ಗುಂಪಿನ ಸ್ಯಾಂಪಲ್‌ಗಳ ನಡುವೆ ರೋಗ ಅಲ್ಲದ ಬೇರೇನೋ ವ್ಯತ್ಯಾಸ ಇತ್ತು. ಆ ವಿಧಾನದ ಮೇಲೆ ಕಟ್ಟಿದ ಓವಾಚೆಕ್ ಅನ್ನುವ ಟೆಸ್ಟ್ ಮಾರುಕಟ್ಟೆಗೆ ಬರುವುದಿತ್ತು. ಔಷಧ, ಟೆಸ್ಟ್‌ಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಅಡ್ಡ ಬಂತು, ಟೆಸ್ಟ್ ಬರಲೇ ಇಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೂ ಇದೇ ಮಷಿನ್ ಬಳಸಿ ಅಮೆರಿಕದಲ್ಲಿ ಹಲವು ಲ್ಯಾಬ್‌ಗಳು ಸೇರಿ ದೊಡ್ಡದಾಗಿ, ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದವು. 2008ರಲ್ಲಿ ಬಂದ ಉತ್ತರ: ನಂಬುವ ಹಾಗಿಲ್ಲ.

ರೋಗ ಅಲ್ಲದ "ಬೇರೇನೋ" ಅಂದರೆ ಏನು? ಇದು ನನ್ನ ಕೈಯಲ್ಲೇ ಆಗಿದೆ, ಹೇಳಿಬಿಡುತ್ತೇನೆ. ನಮ್ಮ ಲ್ಯಾಬಿಗೆ ಎರಡು ಡಬ್ಬಿ ಸೀರಂ ಬಂದಿತ್ತು. ರೋಗಿಗಳದ್ದು ಒಂದು ಆಸ್ಪತ್ರೆಯ ವಾರ್ಡಿನಿಂದ. ರಕ್ತ ತೆಗೆದು, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಪಕ್ಕದ ರೂಮಿನಲ್ಲೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೈನಸ್ 80 ಡಿಗ್ರಿ ಫ್ರೀಜರಿಗೆ ಹಾಕಿದ್ದರು. ಆರೋಗ್ಯವಂತರದ್ದು ತಾಲ್ಲೂಕಿನ ಒಂದು ಕ್ಯಾಂಪಿನಿಂದ. ಬೆಳಿಗ್ಗೆ ತೆಗೆದ ರಕ್ತ, ಜೀಪು ಊಟ ಮುಗಿಸಿಕೊಂಡು ಹೊರಟಿತ್ತು. ಟ್ಯೂಬ್‌ಗಳು ಲ್ಯಾಬ್ ಮುಟ್ಟುವಾಗ ರಕ್ತ ತೆಗೆದು ನಾಲ್ಕು ತಾಸು ದಾಟಿತ್ತು. ಎರಡನ್ನೂ ಮಷಿನ್‌ಗೆ ಹಾಕಿದೆವು. ಗೆರೆ ಎಷ್ಟು ಚಂದ ಬೇರೆಯಾಯಿತು ಅಂದರೆ ಮೈಸೂರು ಪಾಕ್ ತರಿಸಿ ತಿಂದೆವು. ಆಮೇಲೆ ನಮ್ಮ ಟೆಕ್ನಿಷಿಯನ್ ಹುಡುಗಿ ಒಂದು ಮಾತು ಕೇಳಿದಳು: "ಸಾರ್, ಇವೆರಡೂ ಎಷ್ಟೊತ್ತಿಗೆ ತಿರುಗಿಸಿದ್ದು?" ಯಾರೂ ಉತ್ತರ ಕೊಡಲಿಲ್ಲ. ಮರುದಿನ ನಮ್ಮ ಆಫೀಸಿನವರದ್ದೇ ರಕ್ತ ತೆಗೆದು, ಒಬ್ಬೊಬ್ಬರದ್ದನ್ನೂ ಎರಡು ಟ್ಯೂಬಿಗೆ ಹಂಚಿ, ಒಂದನ್ನು ಅರ್ಧ ಗಂಟೆಗೆ ತಿರುಗಿಸಿದೆವು, ಇನ್ನೊಂದನ್ನು ನಾಲ್ಕು ಗಂಟೆ ಮೇಜಿನ ಮೇಲೆ ಬಿಟ್ಟೆವು. ಬೇಗ ತಿರುಗಿಸಿದ ಟ್ಯೂಬ್‌ಗಳಿಗೆ ಕಂಪ್ಯೂಟರ್ ಕ್ಯಾನ್ಸರ್ ಅಂತು. ಅದೇ ತೋಳಿನ ರಕ್ತ, ಬಿಟ್ಟ ಟ್ಯೂಬಿನಲ್ಲಿ ಆರೋಗ್ಯ! ನಾವು ಅಷ್ಟು ದಿನ ಹಿಡಿದದ್ದು ಜೀಪಿನ ಊಟದ ಸಮಯವನ್ನು.

ಕಾರಣ ಸರಳ. ರಕ್ತ ತೋಳಿನಿಂದ ಹೊರಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಪ್ರೋಟೀನ್ ಕತ್ತರಿಸುವ ಕಿಣ್ವಗಳು ಟ್ಯೂಬಿನಲ್ಲೂ ಕೆಲಸ ಮಾಡುತ್ತಲೇ ಇರುತ್ತವೆ, ಸಣ್ಣ ಸಣ್ಣ ತುಣುಕು ಉದುರುತ್ತಲೇ ಇರುತ್ತದೆ. ಹಾಲು ಕರೆದ ಮೇಲೆ ಹೊತ್ತು ಕಳೆದ ಹಾಗೆ ಬದಲಾಗುವುದಿಲ್ಲವೇ, ಹಾಗೆ. ಫ್ರೀಜರಿನಿಂದ ಎಷ್ಟು ಸಲ ತೆಗೆದು ಕರಗಿಸಿದರು, ಯಾವ ಕಂಪನಿಯ ಟ್ಯೂಬ್, ರೋಗಿ ಉಪವಾಸ ಇದ್ದರಾ, ಎಲ್ಲವೂ ಗೆರೆಯಲ್ಲಿ ಬೀಳುತ್ತದೆ. ಮಷಿನ್ ಸುಳ್ಳು ಹೇಳುವುದಿಲ್ಲ. ಕೇಳದ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತದೆ, ಅದೇ ಕಷ್ಟ.

ಇನ್ನೊಂದು ತೊಂದರೆ ರಕ್ತದ್ದೇ. ಸೀರಂ ಪ್ರೋಟೀನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಬುಮಿನ್, ಲೀಟರಿಗೆ 40 ಗ್ರಾಂ ಆಸುಪಾಸು. ಊತದ ಸುದ್ದಿ ಸಾಗಿಸುವ ಇಂಟರ್‌ಲ್ಯೂಕಿನ್-6 ಅನ್ನುವ ಪ್ರೋಟೀನ್ ಆರೋಗ್ಯವಂತರಲ್ಲಿ ಎಷ್ಟು ಕಡಿಮೆ ಅಂದರೆ, ಅದು ಒಂದು ಗ್ರಾಂ ಇದ್ದರೆ ಅಲ್ಬುಮಿನ್ ಸಾವಿರ ಕೋಟಿ ಗ್ರಾಂ ಇರುತ್ತದೆ. ಅರ್ಧ ಸೆಂಟಿಮೀಟರಿನ ಗಡ್ಡೆ ಐದು ಲೀಟರ್ ರಕ್ತಕ್ಕೆ ಏನನ್ನಾದರೂ ಬಿಟ್ಟರೂ ಅದು ಇಂಥ ಕೆಳಮಟ್ಟದಲ್ಲೇ ಇರುತ್ತದೆ. ಸೀರಂ ಹನಿಯನ್ನು ನೇರವಾಗಿ ತಟ್ಟೆಗೆ ಹಾಕಿ ಲೇಸರ್ ಹೊಡೆದರೆ ಕಾಣುವುದು ದೊಡ್ಡವರೇ. ಜಾತ್ರೆಯ ಮೈಕಿನ ನಡುವೆ ಯಾರೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳಲು ಹೊರಟ ಹಾಗೆ. ಅಲ್ಬುಮಿನ್ ತೆಗೆದುಹಾಕಿ, ಪ್ರೋಟೀನ್ ಚೂರು ಮಾಡಿ, ಒಂದೊಂದೇ ಹರಿಯಬಿಟ್ಟು ನೋಡುವ ಹೊಸ ವಿಧಾನಗಳಲ್ಲಿ ಇನ್ನೂ ಆಳಕ್ಕೆ ಇಳಿಯಬಹುದು, ಆದರೆ ಒಂದು ಸ್ಯಾಂಪಲ್‌ಗೆ ಹಿಡಿಯುವ ಸಮಯ, ಖರ್ಚು ಎರಡೂ ಜಾಸ್ತಿ.

ಈಗ ಆ ನೂರಕ್ಕೆ 98ಕ್ಕೆ ಬರೋಣ. ಮೆಸೇಜ್ ಪೂರ್ತಿ ಸುಳ್ಳಲ್ಲ, ಅದೇ ಅದರ ಅಪಾಯ. 2023ರಲ್ಲಿ ಬ್ರಿಟನ್ನಿನ ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದವರು ಬೆರಳ ತುದಿಯ ಬೆವರಿನಲ್ಲಿರುವ ಪ್ರೋಟೀನ್ ಚೂರುಗಳನ್ನು ಇದೇ ಲೇಸರ್ ಮಷಿನ್‌ನಲ್ಲಿ ನೋಡಿ 97.8 ಅನ್ನುವ ಅಂಕಿ ಕೊಟ್ಟರು. ಎಷ್ಟು ಜನರಲ್ಲಿ ನೋಡಿದರು ಗೊತ್ತಾ? ಹದಿನೈದು. ಕ್ಯಾನ್ಸರ್ ಅಲ್ಲದ ಗಂಟು, ಶುರುವಿನ ಕ್ಯಾನ್ಸರ್, ಹರಡಿದ ಕ್ಯಾನ್ಸರ್, ಮೂರೂ ಬಗೆಯವರು ಸೇರಿ ಹದಿನೈದು. ಹೀಗೆ ಮಾಡಲು ಸಾಧ್ಯವೇ ಅಂತ ನೋಡುವ ಮೊದಲ ಹೆಜ್ಜೆ ಅದು, ಆ ಮಟ್ಟಿಗೆ ಒಳ್ಳೆಯ ಕೆಲಸ. ಹದಿನೈದು ಜನರ ಲೆಕ್ಕ ಹಿಡಿದು ನಿಮ್ಮ ಗಂಟನ್ನು ಅಳೆಯಲು ಆಗುತ್ತದಾ?

ಇನ್ನು 93, 91ರಂಥ ಅಂಕಿ ನಿಜವಾಗಿಯೂ ಬಂತು ಅಂತಲೇ ಇಟ್ಟುಕೊಳ್ಳಿ. ಊರಿನಲ್ಲಿ ಕ್ಯಾಂಪ್ ಹಾಕಿ ಏನೂ ತೊಂದರೆ ಇಲ್ಲದ ಸಾವಿರ ಹೆಂಗಸರ ರಕ್ತ ತೆಗೆದೆವು, ಅವರಲ್ಲಿ ಐದು ಜನಕ್ಕೆ ಕ್ಯಾನ್ಸರ್ ಇದೆ ಅಂದುಕೊಳ್ಳಿ. ಟೆಸ್ಟ್ ಐದರಲ್ಲಿ ನಾಲ್ಕೋ ಐದೋ ಹಿಡಿಯುತ್ತದೆ. ಉಳಿದ 995 ಜನರಲ್ಲಿ ನೂರಕ್ಕೆ 9ರ ಲೆಕ್ಕದಲ್ಲಿ ಸುಮಾರು 90 ಜನಕ್ಕೆ ಸುಮ್ಮಸುಮ್ಮನೆ "ಇದೆ" ಅನ್ನುತ್ತದೆ. ಅಂದರೆ ಪಾಸಿಟಿವ್ ಬಂದ 95 ಜನರಲ್ಲಿ 90 ಜನಕ್ಕೆ ಏನೂ ಇಲ್ಲ. ಅವರೆಲ್ಲ ಮತ್ತೆ ಮ್ಯಾಮೊಗ್ರಾಂಗೇ ಹೋಗಬೇಕು, ಅಷ್ಟರೊಳಗೆ ಮನೆಯಲ್ಲಿ ನಿದ್ದೆ ಹೋಗಿರುತ್ತದೆ. ಇನ್ನೂ ಕೆಟ್ಟದ್ದು ಇದರ ಉಲ್ಟಾ: ಗಂಟು ಇರುವವರಿಗೆ "ನಾರ್ಮಲ್" ಅಂತ ಬಂದು ಅವರು ಆರು ತಿಂಗಳು ಮನೆಯಲ್ಲಿ ಕೂರುವುದು. ನಿಮ್ಮ ವಿಷಯದಲ್ಲಿ ನನಗೆ ಇರುವ ಹೆದರಿಕೆ ಅದೇ.

ಎಲ್ಲಿ ಮಾಡಿಸಬಹುದು ಅಂತ ಕೇಳಿದ್ದೀರಿ. ಸ್ತನ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ಹೇಳಲು ಈ ಪ್ರೊಫೈಲನ್ನು ಯಾವ ಒಳ್ಳೆಯ ಕ್ಯಾನ್ಸರ್ ಆಸ್ಪತ್ರೆಯೂ ಬಳಸುವುದಿಲ್ಲ. ಯಾರಾದರೂ ದುಡ್ಡು ತೆಗೆದುಕೊಂಡು ಮಾಡಿಕೊಡುತ್ತೇವೆ ಅಂದರೆ ಆ ಕಡೆ ತಲೆ ಹಾಕಬೇಡಿ. ಹೆಲ್ತ್ ಚೆಕಪ್ ಪ್ಯಾಕೇಜ್‌ಗಳಲ್ಲಿ ಸಿಎ 15-3 ಅಂತ ಒಂದು ರಕ್ತಪರೀಕ್ಷೆ ಸೇರಿಸುತ್ತಾರೆ, ಅದನ್ನೂ ಇದಕ್ಕೆ ನಂಬಬೇಡಿ. ಹರಡಿದ ಕ್ಯಾನ್ಸರಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರಲ್ಲಿ ಏರಿಳಿತ ನೋಡಲು ಅದು ಉಪಯೋಗಕ್ಕೆ ಬರುತ್ತದೆ. ಶುರುವಿನ ಹಂತದಲ್ಲಿ ಬಹಳ ಸಲ ಅದು ನಾರ್ಮಲ್ಲೇ ಇರುತ್ತದೆ, ಲಿವರ್ ತೊಂದರೆ ಇದ್ದರೆ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ.

ಹಾಗಾದರೆ ಇಷ್ಟು ವರ್ಷ ನಾವೆಲ್ಲ ಮಾಡಿದ್ದು ದಂಡವಾ? ಅಲ್ಲ. ಹಾಪ್ಕಿನ್ಸಿನ ಅದೇ ಗುಂಪಿನವರು ಅಂಡಾಶಯದ ಗಡ್ಡೆಗೆ ಮಷಿನ್‌ನಲ್ಲಿ ಸಿಕ್ಕ ಶಿಖರಗಳಿಗೆ ಹೆಸರು ಹುಡುಕಿದರು, ಆಮೇಲೆ ಆ ಪ್ರೋಟೀನ್‌ಗಳನ್ನು ಮಾಮೂಲಿ ಆ್ಯಂಟಿಬಾಡಿ ವಿಧಾನದಲ್ಲಿ ಅಳೆದು ಐದು ಪ್ರೋಟೀನ್‌ಗಳ ಓವಾ1 ಅನ್ನುವ ಟೆಸ್ಟ್ ಕಟ್ಟಿದರು. 2009ರಲ್ಲಿ ಎಫ್‌ಡಿಎ ಒಪ್ಪಿತು. ಗಮನಿಸಿ, ಅದು ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಅಲ್ಲ. ಗಡ್ಡೆ ಇದೆ ಅಂತ ಗೊತ್ತಾಗಿ ಆಪರೇಷನ್ನಿಗೆ ಹೊರಟವರನ್ನು ಯಾವ ಸರ್ಜನ್ ಹತ್ತಿರ ಕಳಿಸಬೇಕು ಅಂತ ನೋಡಲು. ಗಡ್ಡೆಯನ್ನೇ ನೇರವಾಗಿ ಮಷಿನ್‌ಗೆ ಹಾಕಿದರೆ ಇನ್ನೂ ಚೆನ್ನಾಗಿ ಮಾತಾಡುತ್ತದೆ. ಕ್ಯಾನ್ಸರ್ ಗಡ್ಡೆಗಳ ಪ್ರೋಟೀನ್ ನೋಡುವ ಅಮೆರಿಕದ ಸಿಪಿಟಿಎಸಿ ಯೋಜನೆಯವರು 2016ರಲ್ಲಿ 77 ಸ್ತನ ಗಡ್ಡೆಗಳ ಪ್ರೋಟೀನ್‌ಗಳನ್ನೂ ಜೀನ್‌ಗಳನ್ನೂ ಪಕ್ಕಪಕ್ಕ ಇಟ್ಟು, ಜೀನ್ ಕೆಟ್ಟರೆ ಒಳಗೆ ಯಾವ ಕೆಲಸ ತಪ್ಪುತ್ತದೆ ಅಂತ ತೋರಿಸಿದರು. ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು ಹಾಪ್ಕಿನ್ಸ್ ಜೊತೆ ಸೇರಿ 2014ರಲ್ಲಿ ಮನುಷ್ಯನ ಪ್ರೋಟೀನ್‌ಗಳ ಕರಡು ನಕ್ಷೆಯನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು, ಅದೂ ಇದೇ ಜಾತಿಯ ಮಷಿನ್‌ಗಳಿಂದಲೇ. ದೊಡ್ಡ ಆಸ್ಪತ್ರೆಗಳಲ್ಲಿ ಸೋಂಕು ಯಾವ ಬ್ಯಾಕ್ಟೀರಿಯಾದ್ದು ಅಂತ ಕೆಲವೇ ನಿಮಿಷಗಳಲ್ಲಿ ಹೇಳುವುದೂ ಪ್ರೋಟೀನ್ ಪ್ರೊಫೈಲೇ. ಅಲ್ಲಿ ಯಾಕೆ ಗೆಲ್ಲುತ್ತದೆ ಅಂದರೆ ತಟ್ಟೆಯ ಮೇಲೆ ಬೆಳೆಸಿದ ಒಂದೇ ಜಾತಿಯ ಬ್ಯಾಕ್ಟೀರಿಯಾ ಇರುತ್ತದೆ, ಅಲ್ಬುಮಿನ್ ಕಾಟ ಇಲ್ಲ.

ಇನ್ನೊಂದು ವಿಷಯ. ಸ್ತನ ಕ್ಯಾನ್ಸರಿನಲ್ಲಿ ಪ್ರೋಟೀನ್ ನೋಡಿಯೇ ಚಿಕಿತ್ಸೆ ನಿರ್ಧಾರ ಮಾಡುವುದು ಈಗಾಗಲೇ ಇದೆ. ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್2 ಅಂತ ಮೂರು ಸಾಲು ಇರುತ್ತದೆ. ಅವು ಮೂರೂ ಪ್ರೋಟೀನ್‌ಗಳೇ. ಗಡ್ಡೆಯ ಚೂರಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕೋಟಿಗಟ್ಟಲೆ ಬೆಲೆಯ ಮಷಿನ್ ಬೇಕಿಲ್ಲ.

ಗಂಟು ನೋಡಲು ಕೈ ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ದೇಶದ್ದೇ ಲೆಕ್ಕ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿಸಿದರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಬಂತು. ಆ ಗುಂಪಿನಲ್ಲಿ ಕ್ಯಾನ್ಸರ್ ಮುಂಚಿನ ಹಂತದಲ್ಲೇ ಸಿಕ್ಕಿತು, 50 ದಾಟಿದವರಲ್ಲಿ ಸಾವು ಹೆಚ್ಚುಕಡಿಮೆ ನೂರಕ್ಕೆ 30ರಷ್ಟು ಇಳಿಯಿತು. 50ರ ಒಳಗಿನವರಲ್ಲಿ ಸಾವಿನ ಲೆಕ್ಕದಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ನಿಮ್ಮದು ಹೇಗೂ ಸ್ಕ್ರೀನಿಂಗ್ ಪ್ರಶ್ನೆ ಅಲ್ಲ. ಕೈಗೆ ಸಿಕ್ಕ ಗಂಟಿನ ಪ್ರಶ್ನೆ.

ಹಾಗಾಗಿ ಹೀಗೆ ಮಾಡಿ. ಜಿಲ್ಲಾ ಆಸ್ಪತ್ರೆಯ ಸರ್ಜರಿ ವಿಭಾಗವಾದರೂ ಆಗಬಹುದು, ಬೆಂಗಳೂರಿಗೆ ಹೋಗಲು ಅನುಕೂಲ ಇದ್ದರೆ ಕಿದ್ವಾಯಿ ಆಸ್ಪತ್ರೆ ಆಗಬಹುದು. ಮ್ಯಾಮೊಗ್ರಾಂ ನೋವಿನ ವಿಷಯ ನಾಚಿಕೆ ಇಲ್ಲದೆ ಹೇಳಿ. ಮುಟ್ಟಿನ ಮುಂಚಿನ ವಾರ ಸ್ತನ ಭಾರವಾಗಿ ನೋಯುತ್ತದೆ, ಸಾಮಾನ್ಯವಾಗಿ ಮುಟ್ಟು ಮುಗಿದ ವಾರ ಮಾಡಿಸಿದರೆ ನೋವು ಕಡಿಮೆ. ಆದರೆ ಒಳ್ಳೆಯ ದಿನ ಕಾಯುತ್ತಾ ಡಾಕ್ಟರನ್ನು ನೋಡುವುದನ್ನು ಮುಂದಕ್ಕೆ ಹಾಕಬೇಡಿ. ಆ ದಿನ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಾಕಬೇಡಿ, ಫಿಲ್ಮಿನಲ್ಲಿ ಅದು ಸುಣ್ಣದ ಚುಕ್ಕೆಗಳ ಹಾಗೆ ಕಂಡು ಗೊಂದಲ ಮಾಡುತ್ತದೆ. ಹೋದ ವರ್ಷದ ಫಿಲ್ಮ್ ಅಥವಾ ಸಿಡಿ ತೆಗೆದುಕೊಂಡು ಹೋಗಿ. ಹಳೆಯದರ ಪಕ್ಕ ಇಟ್ಟು ನೋಡಿದರೆ ಹೊಸದಾಗಿ ಬಂದದ್ದು ಬೇಗ ಕಣ್ಣಿಗೆ ಬೀಳುತ್ತದೆ. ಬಯಾಪ್ಸಿ ಬೇಕು ಅಂದರೆ ಟ್ರೂಕಟ್ ಸೂಜಿಯಲ್ಲಿ ಮಾಡುತ್ತಾರಾ ಕೇಳಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಕ್ಕಿಕಾಳಿನಷ್ಟು ದಪ್ಪದ ನಾಲ್ಕೈದು ಎಳೆ ತೆಗೆಯುತ್ತಾರೆ, ಅದೇ ದಿನ ಮನೆಗೆ ಬರಬಹುದು. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಮಾತು ಯಾರಾದರೂ ಹೇಳಿದರೆ ಕೇಳಿಸಿಕೊಳ್ಳಬೇಡಿ.

ಅಮ್ಮನಿಗೆ 46ಕ್ಕೇ ಬಂದಿತ್ತು ಅಂದಿದ್ದೀರಿ. ಗಂಟು ಏನೇ ಆಗಿರಲಿ, ಬಿಆರ್‌ಸಿಎ ಜೀನ್ (ಇದರಲ್ಲಿ ತಪ್ಪಿದ್ದರೆ ಸ್ತನ ಕ್ಯಾನ್ಸರ್ ಅಪಾಯ ಮನೆತನದಲ್ಲಿ ಸಾಗಿ ಬರುತ್ತದೆ) ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಅದೂ ರಕ್ತಪರೀಕ್ಷೆಯೇ, ಆದರೆ ನೋಡುವುದು ಡಿಎನ್‌ಎ. ಟ್ಯೂಬ್ ನಾಲ್ಕು ಗಂಟೆ ಮೇಜಿನ ಮೇಲಿದ್ದರೂ ಡಿಎನ್‌ಎ ಬದಲಾಗುವುದಿಲ್ಲ. ಮೊದಲು ಅಮ್ಮನ ರಕ್ತವನ್ನೇ ನೋಡುವುದು ಒಳ್ಳೆಯದು. ಅವರಲ್ಲಿ ತಪ್ಪು ಎಲ್ಲಿದೆ ಅಂತ ಸಿಕ್ಕಿದರೆ ನಿಮ್ಮಲ್ಲಿ ಅದೊಂದೇ ಜಾಗ ನೋಡಿದರೆ ಸಾಕು. ಅವರ ಹಳೆಯ ಬಯಾಪ್ಸಿ ರಿಪೋರ್ಟ್ ಬೀರುವಿನಲ್ಲಿ ಎಲ್ಲೋ ಇರುತ್ತದೆ. ಇವತ್ತೇ ಹುಡುಕಿ ಫೈಲಿಗೆ ಸೇರಿಸಿಟ್ಟುಕೊಳ್ಳಿ, ಡಾಕ್ಟರ್ ಕೇಳೇ ಕೇಳುತ್ತಾರೆ.